ಹೊಸ ಫೈಲ್ ಯಾವುದು, ಹಳೇದು ಯಾವುದು: ಪಟ್ಟಿ ನೋಡಿ ತಿಳಿಯೋದು ಯಾಕಿಷ್ಟು ಕಷ್ಟ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸಣ್ಣ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ ಸರ್. ಪಹಣಿ ತೆಗೆದುಕೊಡುತ್ತೇನೆ, ಬೆಳೆ ವಿಮೆ ಅರ್ಜಿ ಹಾಕುತ್ತೇನೆ, ಕೆಲವರ ಅಡಿಕೆ ಲೆಕ್ಕವನ್ನೂ ಎಕ್ಸೆಲ್‌ನಲ್ಲಿ ಬರೆದಿಡುತ್ತೇನೆ. ಹೋದ ತಿಂಗಳು ಒಬ್ಬರಿಗೆ ಈ ವರ್ಷದ ಲೆಕ್ಕದ ಬದಲು ಹೋದ ವರ್ಷದ್ದನ್ನು ಪ್ರಿಂಟ್ ಕೊಟ್ಟುಬಿಟ್ಟೆ. ಪಟ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮೇಲಿತ್ತು, ಇವತ್ತಿನ ತಾರೀಖೂ ಇತ್ತು. ಹೆಸರುಗಳು ಅರ್ಧ ಮಾತ್ರ ಕಾಣುತ್ತವೆ. ಡಿಸ್ಕ್ ಬೇರೆ ತುಂಬಿದೆ, ಏನು ತುಂಬಿದೆ ಅಂತ ಗೊತ್ತಾಗುತ್ತಿಲ್ಲ. ಫೋಲ್ಡರ್ ತೆರೆದು ತೋರಿಸುವ ವಿಂಡೋಸ್‌ನ ಎಕ್ಸ್‌ಪ್ಲೋರರ್ ಬಿಟ್ಟು ಬೇರೆ ಏನಾದರೂ ಹಾಕಬೇಕೇ?

ಉತ್ತರ: ಮೊದಲು ಒಂದು ಮಾತು. ತಪ್ಪು ಪ್ರಿಂಟ್ ಕೊಟ್ಟಿದ್ದು ನಿಮ್ಮ ಅಜಾಗ್ರತೆ ಅಂತ ನೀವು ಬೇಜಾರು ಮಾಡಿಕೊಂಡಿದ್ದೀರಿ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಹಾಗಲ್ಲ. ನಾನು ಶಿವಮೊಗ್ಗದಲ್ಲಿ ಎಷ್ಟೋ ವರ್ಷದಿಂದ ಸಣ್ಣ ಆಫೀಸುಗಳಿಗೆ ಕಂಪ್ಯೂಟರ್ ಕೆಲಸ ಹೇಳಿಕೊಡುತ್ತಾ, ಜನ ಕೆಲಸ ಮಾಡುವಾಗ ಹಿಂದೆ ಕೂತು ನೋಡುತ್ತಾ ಬಂದಿದ್ದೇನೆ. ಇದೇ ತಪ್ಪನ್ನು ಚೆನ್ನಾಗಿ ಕೆಲಸ ಗೊತ್ತಿದ್ದವರೂ ಮಾಡುತ್ತಾರೆ. ಯಾಕೆಂದರೆ ಫೋಲ್ಡರ್ ತೆರೆಯುವಾಗ ನಿಮ್ಮ ಮನಸ್ಸಲ್ಲಿರುವ ಪ್ರಶ್ನೆ ಒಂದು, ಪರದೆ ಉತ್ತರ ಕೊಡುತ್ತಿರುವುದು ಇನ್ನೊಂದಕ್ಕೆ.

ನೀವು ಕೇಳುತ್ತಿರುವುದು “ಇದು ಯಾವ ವರ್ಷದ ಲೆಕ್ಕ?” ಅಂತ. “ಡೇಟ್ ಮಾಡಿಫೈಡ್” ಅನ್ನೋ ಕಾಲಂ ಹೇಳುತ್ತಿರುವುದು “ಈ ಫೈಲನ್ನು ಕಡೇ ಸಲ ಡಿಸ್ಕ್‌ಗೆ ಬರೆದಿದ್ದು ಯಾವಾಗ” ಅಂತ. ಎರಡೂ ಬಹಳ ಸಲ ಒಂದೇ ಆಗಿರುತ್ತವೆ, ಅದಕ್ಕೇ ನಾವು ಅದನ್ನು ನಂಬುತ್ತೇವೆ. ಒಂದಲ್ಲದ ದಿನ ಕೈಕೊಡುತ್ತದೆ.

ನಿಮ್ಮಲ್ಲಿ ಏನಾಗಿರಬಹುದು ಅಂತ ಹೇಳುತ್ತೇನೆ, ನೋಡಿ ಹೌದೋ ಅಲ್ಲವೋ ಅಂತ. ಯಾರೋ ಬಂದು ಹೋದ ವರ್ಷ ಎಷ್ಟು ಅಡ್ವಾನ್ಸ್ ತಗೊಂಡಿದ್ದೆ ಅಂತ ಕೇಳಿದರು. ನೀವು ಹಳೇ ಹಾಳೆ ತೆಗೆದು ನೋಡಿ ಹೇಳಿದಿರಿ. ಏನೂ ಮುಟ್ಟಲಿಲ್ಲ. ಮುಚ್ಚುವಾಗ ಎಕ್ಸೆಲ್ “ಬದಲಾವಣೆ ಸೇವ್ ಮಾಡಬೇಕಾ?” ಅಂತ ಕೇಳಿತು. ಏನೂ ಬದಲಾಯಿಸದೆ ಯಾಕೆ ಕೇಳುತ್ತದೆ ಅಂದರೆ, ಹಾಳೆಯಲ್ಲಿ ಬಡ್ಡಿ ಲೆಕ್ಕಕ್ಕೆ ಅಂತ ಇವತ್ತಿನ ತಾರೀಖು ತರುವ ‘ಟುಡೇ’ ಫಾರ್ಮುಲಾ ಇದ್ದರೆ, ಫೈಲ್ ತೆರೆದ ತಕ್ಷಣ ಎಕ್ಸೆಲ್ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕುತ್ತದೆ, ಅದನ್ನೂ ಬದಲಾವಣೆ ಅಂತಲೇ ಹಿಡಿಯುತ್ತದೆ. ಹಳೇ ಎಕ್ಸೆಲ್‌ನಲ್ಲಿ ಸೇವ್ ಮಾಡಿದ ಫೈಲನ್ನು ಹೊಸ ಎಕ್ಸೆಲ್‌ನಲ್ಲಿ ತೆರೆದಾಗಲೂ ಹೀಗೇ. ಎದುರಿಗೆ ಜನ ನಿಂತಿರುತ್ತಾರೆ, ಸುಮ್ನೆ ‘ಸೇವ್’ ಒತ್ತಿರುತ್ತೀರಿ. ಮುಗಿಯಿತು. ಹೋದ ವರ್ಷದ ಹಾಳೆಗೆ ಇವತ್ತಿನ ತಾರೀಖು ಬಂತು, ಪಟ್ಟಿಯ ತಲೆಗೆ ಹೋಗಿ ಕೂತಿತು.

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಇದನ್ನೇ ಕಣ್ಣಾರೆ ನೋಡಿದ್ದೇನೆ. ಲೆಕ್ಕ ಬರೆಯುವ ಹುಡುಗ ಫೋಲ್ಡರ್ ತೆರೆದ, ಅವನ ಮೌಸ್ ಸೀದಾ ಮೊದಲನೇ ಸಾಲಿಗೆ ಹೋಯಿತು. ಹೆಸರು ಓದಲೇ ಇಲ್ಲ. ಯಾಕಪ್ಪಾ ಅಂದರೆ, “ಮೇಲಿರೋದೇ ಹೊಸದಲ್ವಾ ಸರ್” ಅಂದ. ಅವನ ಅಂದಾಜು ನೂರಕ್ಕೆ ತೊಂಬತ್ತು ಸಲ ಸರಿ ಇದ್ದಿರಬೇಕು, ಇಲ್ಲದಿದ್ದರೆ ಆ ಅಭ್ಯಾಸವೇ ಬೀಳುತ್ತಿರಲಿಲ್ಲ. ಅವತ್ತು ಮೇಲಿದ್ದಿದ್ದು ಮಾತ್ರ ಎರಡು ವರ್ಷದ ಹಿಂದಿನ ರಾಶಿ ಅಡಿಕೆ ರೇಟಿನ ಹಾಳೆ.

ಹಾಗಾಗಿ ಮೊದಲ ಕೆಲಸ: ನೋಡಲಿಕ್ಕೆ ಮಾತ್ರ ತೆರೆದ ಫೈಲಿಗೆ ‘ಡೋಂಟ್ ಸೇವ್’. ವರ್ಷ ಮುಗಿದ ಲೆಕ್ಕದ ಹಾಳೆಗಳನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ರೀಡ್ ಓನ್ಲಿ’ಗೆ ಟಿಕ್ ಹಾಕಿಬಿಡಿ. ಆಮೇಲೆ ಕೈತಪ್ಪಿ ಸೇವ್ ಒತ್ತಿದರೂ ಅದೇ ಫೈಲಿನ ಮೇಲೆ ಬರೆಯಲು ಎಕ್ಸೆಲ್ ಬಿಡುವುದಿಲ್ಲ, ಬೇರೆ ಹೆಸರು ಕೇಳುತ್ತದೆ.

ತಾರೀಖಿನ ವಿಷಯದಲ್ಲೇ ಇನ್ನೂ ಎರಡು ಮೂರು ಇವೆ, ಬಿಡುವ ಹಾಗಿಲ್ಲ.

‘ಡೇಟ್ ಕ್ರಿಯೇಟೆಡ್’ ಅಂತ ಇನ್ನೊಂದು ಕಾಲಂ ಹಾಕಿಕೊಳ್ಳಬಹುದು. ಅದು ಹುಟ್ಟಿದ ತಾರೀಖು ಅಂತ ಅಂದುಕೊಂಡರೆ ಮೋಸ ಹೋಗುತ್ತೀರಿ. ಪೆನ್‌ಡ್ರೈವ್‌ನಿಂದ ಕಂಪ್ಯೂಟರಿಗೆ ಕಾಪಿ ಮಾಡಿದರೆ ‘ಮಾಡಿಫೈಡ್’ ಹಳೇದೇ ಇರುತ್ತದೆ, ‘ಕ್ರಿಯೇಟೆಡ್’ ಮಾತ್ರ ಕಾಪಿ ಮಾಡಿದ ಹೊತ್ತಿನದ್ದಾಗುತ್ತದೆ. ಅಂದರೆ ಫೈಲು ಹುಟ್ಟುವ ಮೊದಲೇ ತಿದ್ದಿದ ಹಾಗೆ ಕಾಣುತ್ತದೆ. ಅದು ನಿಜವಾಗಿ ಹೇಳುತ್ತಿರುವುದು “ಈ ಪ್ರತಿ ಈ ಜಾಗಕ್ಕೆ ಬಂದಿದ್ದು ಯಾವಾಗ” ಅಂತ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋಗಳೂ ಹೀಗೇ. ಹೆಸರಲ್ಲೇ ತಾರೀಖು ಇರುತ್ತದಲ್ಲ, 20250620 ಅಂತೆಲ್ಲ, ಅದು ಫೋಟೋ ತೆಗೆದ ದಿನ ಅಲ್ಲ, ಕಳಿಸಿದ ದಿನ.

ಇನ್ನು ತಾರೀಖು ಬರೆಯುವ ರೀತಿ. ನಿಮ್ಮ ಕಂಪ್ಯೂಟರಿನಲ್ಲಿ 3/4/2025 ಅಂತ ಕಂಡರೆ ಅದು ಏಪ್ರಿಲ್ 3ಓ ಮಾರ್ಚ್ 4ಓ? ವಿಂಡೋಸ್ ಹಾಕಿಕೊಟ್ಟವರು ಪ್ರದೇಶ ಅಮೆರಿಕ ಅಂತಲೇ ಬಿಟ್ಟಿದ್ದರೆ ಅದು ಮಾರ್ಚ್ 4. ಭಾರತ ಅಂತ ಇದ್ದರೆ ಏಪ್ರಿಲ್ 3. ತಿಂಗಳ ಮೊದಲ ಹನ್ನೆರಡು ದಿನ ಈ ಗೊಂದಲ ಕಣ್ಣಿಗೇ ಬೀಳುವುದಿಲ್ಲ, ಯಾಕೆಂದರೆ ಎರಡು ರೀತಿಯಲ್ಲಿ ಓದಿದರೂ ಸರಿಯಾದ ತಾರೀಖೇ ಆಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ ಒಳಗೆ ‘ರೀಜನ್’ಗೆ ಹೋಗಿ ಇವತ್ತೇ ನೋಡಿ.

ನಮ್ಮ ಕಡೆಗೇ ಅಂಟಿದ ಒಂದು ತೊಂದರೆಯೂ ಇದೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುತ್ತದೆ. ಹಳೇ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲೆ ನಾಣ್ಯದ ಹಾಗಿರುವ 3 ವೋಲ್ಟ್ ಸೆಲ್ ಇರುತ್ತದೆ, ಗಡಿಯಾರ ನಡೆಸುವುದು ಅದೇ. ಅದು ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ನೆಟ್ ಇದ್ದರೆ ತಾನೇ ಸರಿ ಮಾಡಿಕೊಳ್ಳುತ್ತದೆ. ಆಗುಂಬೆ, ಮೇಗರವಳ್ಳಿ ಕಡೆ ಜುಲೈ ತಿಂಗಳಲ್ಲಿ ಕರೆಂಟಿನ ಜೊತೆ ನೆಟ್ಟೂ ಇರುವುದಿಲ್ಲ, ಅಲ್ವಾ? ಆಗ ಸೇವ್ ಮಾಡಿದ ಫೈಲು ಪಟ್ಟಿಯ ತಳಕ್ಕೆ ಹೋಗಿ ಬೀಳುತ್ತದೆ, “ಈಗಷ್ಟೇ ಮಾಡಿದ್ದು ಎಲ್ಲಿ ಹೋಯಿತು” ಅಂತ ಹುಡುಕುತ್ತೀರಿ. ಮೂಲೆಯ ಗಡಿಯಾರ ತಪ್ಪು ತೋರಿಸುತ್ತಿದ್ದರೆ ಸೆಲ್ ಬದಲಾಯಿಸಿ, ದೊಡ್ಡ ಖರ್ಚೇನಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟ. ಕಾಗದದ ಮೇಲಿನ ತಾರೀಖು ನಿಮಗೆ ಮುಖ್ಯವಾದರೆ ಅದು ಫೈಲಿನ ಹೆಸರಲ್ಲಿರಬೇಕು. ಹೆಸರನ್ನು ನೀವು ಬದಲಾಯಿಸದೆ ಯಾರೂ ಬದಲಾಯಿಸುವುದಿಲ್ಲ. ಕಾಪಿ ಮಾಡಿ, ಪೆನ್‌ಡ್ರೈವಿಗೆ ಹಾಕಿ, ಇನ್ನೊಬ್ಬರಿಗೆ ಕಳಿಸಿ, ಅದು ಜೊತೆಗೇ ಹೋಗುತ್ತದೆ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ: 2025-06-20. ಹೀಗೆ ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ತಾನಾಗೇ ಕಾಲದ ಪ್ರಕಾರ ನಿಲ್ಲುತ್ತದೆ. ದಿನ ಮೊದಲು ಬರೆದರೆ ಎಲ್ಲ ತಿಂಗಳ ಒಂದನೇ ತಾರೀಖೂ ಒಂದೇ ಕಡೆ ಗುಂಪುಗೂಡುತ್ತವೆ.

ಈಗ ಹೆಸರು ಅರ್ಧ ಕಾಣುವ ವಿಷಯ. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಎಕ್ಸ್‌ಪ್ಲೋರರ್ ಜಾಗ ಸಾಲದಿದ್ದರೆ ಹೆಸರಿನ ಕೊನೆ ಕತ್ತರಿಸಿ ಮೂರು ಚುಕ್ಕೆ ಇಡುತ್ತದೆ. ಆ್ಯಪಲ್‌ನ ಫೈಂಡರ್ ಹಾಗಲ್ಲ, ನಡುವೆ ಕತ್ತರಿಸುತ್ತದೆ, ತಲೆಯೂ ಬಾಲವೂ ಉಳಿಯುತ್ತವೆ. ನಮ್ಮ ಹೆಸರುಗಳಲ್ಲಿ ವ್ಯತ್ಯಾಸ ಇರುವುದೇ ಬಾಲದಲ್ಲಿ. “ಹವಾಮಾನ ಆಧಾರಿತ ಬೆಳೆ ವಿಮೆ ಅರ್ಜಿ ಮಂಜಪ್ಪ ಮೇಗರವಳ್ಳಿ” ಅಂತ ನೀವು ಬರೆದಿರುತ್ತೀರಿ, ಕಾಣುವುದು “ಹವಾಮಾನ ಆಧಾರಿತ ಬೆಳೆ ವಿ…” ಅಂತ. ಕೆಳಗೂ ಹಾಗೇ, ಅದರ ಕೆಳಗೂ ಹಾಗೇ. ಇಪ್ಪತ್ತು ಸಾಲು ಒಂದೇ ಥರ. ಪರದೆ ತುಂಬಾ ಅಕ್ಷರ ಇದ್ದೂ ತಿಳಿಯುವುದು ಏನೂ ಇಲ್ಲ.

ಎರಡು ಕಡೆಯಿಂದ ಸರಿ ಮಾಡಿ. ಕಾಲಂ ತಲೆಬರಹದ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೈಜ್ ಆಲ್ ಕಾಲಮ್ಸ್ ಟು ಫಿಟ್’ ಒತ್ತಿದರೆ ಹೆಸರು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಇದು ತಕ್ಷಣದ ಮದ್ದು. ಗಟ್ಟಿ ಮದ್ದು ಅಂದರೆ ಹೆಸರನ್ನು ತಿರುಗಿಸಿ ಬರೆಯುವುದು. ಎಲ್ಲ ಫೈಲಿಗೂ ಸಮಾನವಾದ ಮಾತು ಫೋಲ್ಡರಿನ ಹೆಸರಿಗೆ ಹೋಗಲಿ. ಫೈಲಿನ ಮೊದಲ ಪದ ಅಂಗಡಿಗೆ ಬಂದವರು ಬಾಯಲ್ಲಿ ಮೊದಲು ಹೇಳುವ ಪದವೇ ಆಗಿರಲಿ. ಅವರು ಬಂದು ಏನನ್ನುತ್ತಾರೆ? “ಮೇಗರವಳ್ಳಿ, ಸರ್ವೆ ನಂಬರ್ ನೂರಾ ಹನ್ನೆರಡು ಬಾರ್ ಎರಡು.” ಹಾಗಿದ್ದರೆ ಮೇಗರವಳ್ಳಿ ಒಂದು ಫೋಲ್ಡರ್. ಒಳಗೆ “112-2 ಮಂಜಪ್ಪ ಪಹಣಿ 2025-06-20”. ಲೆಕ್ಕದ ಹಾಳೆಗೆ ಮಾತ್ರ ಉಲ್ಟಾ. ಅಲ್ಲಿ ಮೊದಲ ಪ್ರಶ್ನೆಯೇ ಯಾವ ವರ್ಷ ಅನ್ನೋದು, ಆದ್ದರಿಂದ ವರ್ಷವೇ ಮುಂದೆ: “2025 ಮಂಜಪ್ಪ ಅಡಿಕೆ ಲೆಕ್ಕ”. “ಹೊಸದು”, “ಫೈನಲ್”, “ಫೈನಲ್ 2” ಇವೆಲ್ಲ ದಯವಿಟ್ಟು ಬೇಡ. ಮೂರು ತಿಂಗಳು ಕಳೆದ ಮೇಲೆ ಹೊಸದು ಅನ್ನೋ ಪದಕ್ಕೆ ಅರ್ಥವೇ ಇರುವುದಿಲ್ಲ.

ಸರ್ವೆ ನಂಬರಿನಲ್ಲಿ ಬಾರ್ ಹಾಕಲು ಹೋದರೆ ವಿಂಡೋಸ್ ಬಿಡುವುದಿಲ್ಲ, ಫೈಲಿನ ಹೆಸರಲ್ಲಿ ಓರೆಗೆರೆ ನಿಷಿದ್ಧ. ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, 112-2, 112_2, 112 2, ಕೆಲವರು ಸೇರಿಸಿ 1122 ಅಂತಲೇ ಬರೆದುಬಿಡುತ್ತಾರೆ. ಈ ಕಡೇದು ಅಪಾಯ, 1122 ಅನ್ನೋ ಬೇರೆ ಸರ್ವೆ ನಂಬರೇ ಇರಬಹುದು. 112-2ರಲ್ಲಿರುವ ನಡುವಿನ ಅಡ್ಡಗೆರೆ ಅಂತ ಒಂದು ನಿಯಮ ಮಾಡಿ ಅಂಗಡಿಯಲ್ಲಿ ಎಲ್ಲರೂ ಅದನ್ನೇ ಬಳಸಿ. ಎಕ್ಸ್‌ಪ್ಲೋರರ್ ಇಲ್ಲಿ ಒಂದು ಒಳ್ಳೇ ಕೆಲಸ ಮಾಡುತ್ತದೆ ಅಂತಲೂ ಹೇಳಬೇಕು. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಅದು ಅಂಕಿಯನ್ನು ಅಂಕಿಯಾಗೇ ನೋಡಿ ಜೋಡಿಸುತ್ತದೆ, 112-2 ಆದಮೇಲೇ 112-10 ಬರುತ್ತದೆ. ಬೇರೆ ಎಷ್ಟೋ ಸಾಫ್ಟ್‌ವೇರ್‌ನಲ್ಲಿ ಹತ್ತು ಮೊದಲು ಬಂದು ಎರಡು ಆಮೇಲೆ ಬರುತ್ತದೆ.

ಕನ್ನಡದಲ್ಲಿ ಹೆಸರು ಇಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ಧಾರಾಳವಾಗಿ ಇಡಿ, ಈಗಿನ ಎಲ್ಲ ಕಂಪ್ಯೂಟರೂ ಓದುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಸಾಕು. ಹಳೇ ನುಡಿ ಫಾಂಟಿನ ಬರಹವನ್ನು ಕಾಪಿ ಮಾಡಿ ಹೆಸರಿಗೆ ಅಂಟಿಸಿದರೆ ತಲೆ ಮೇಲೆ ಗೀಟು, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದು ಕೆಟ್ಟಿದ್ದಲ್ಲ, ಆ ಬರಹ ಕನ್ನಡವಾಗಿ ಕಾಣುವುದು ಆ ಫಾಂಟಿನಲ್ಲಿ ಮಾತ್ರ, ಎಕ್ಸ್‌ಪ್ಲೋರರ್ ಬಳಸುವುದು ಬೇರೆ ಫಾಂಟ್. ಇನ್ನೊಂದು, ಪಟ್ಟಿಯಲ್ಲಿ ಅಕ್ಷರ ಸಣ್ಣದು, ಒತ್ತಕ್ಷರ ಇನ್ನೂ ಸಣ್ಣದು. ನಲವತ್ತು ದಾಟಿದವರಿಗೆ ಕಷ್ಟ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಸೆಸಿಬಿಲಿಟಿ’ ಒಳಗೆ ‘ಟೆಕ್ಸ್ಟ್ ಸೈಜ್’ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ಸಾಲು ಕಡಿಮೆ ಕಂಡರೂ ಪರವಾಗಿಲ್ಲ, ಕಾಣುವ ಸಾಲು ಓದಲು ಬರಬೇಕು.

ನೋಟದ ಬಗೆ ಯಾವುದು ಒಳ್ಳೇದು ಅಂತ ಒಂದೇ ಉತ್ತರ ಇಲ್ಲ. ಪಹಣಿಗಳನ್ನು ದೊಡ್ಡ ಚಿತ್ರವಾಗಿ ನೋಡಿದರೆ ಎಲ್ಲವೂ ಒಂದೇ ಬಿಳಿ ಹಾಳೆ. ಅದಕ್ಕೆ ‘ಡೀಟೇಲ್ಸ್’ ಪಟ್ಟಿಯೇ ಬೇಕು, ಕಂಟ್ರೋಲ್, ಶಿಫ್ಟ್, 6 ಒಟ್ಟಿಗೆ ಒತ್ತಿ. ಪಾಸ್‌ಪೋರ್ಟ್ ಸೈಜ್ ಫೋಟೋಗಳ ಫೋಲ್ಡರಿಗೆ ಉಲ್ಟಾ, ಅಲ್ಲಿ ಮುಖ ಕಂಡರೆ ಹೆಸರೇ ಬೇಡ. ಅದಕ್ಕೆ ಕಂಟ್ರೋಲ್, ಶಿಫ್ಟ್, 2. ಒಂದು ಫೋಲ್ಡರಿನಲ್ಲಿ ಒಂದು ಕಾಲಂ, ಇನ್ನೊಂದರಲ್ಲಿ ಬೇರೆ ಕಾಲಂ ಕಾಣುತ್ತಿದ್ದರೆ ಗಾಬರಿ ಬೇಡ. ಒಳಗಿರುವುದು ಫೋಟೋನಾ, ಹಾಡಾ, ಕಾಗದವಾ ಅಂತ ವಿಂಡೋಸ್ ತಾನೇ ಊಹಿಸಿ ಕಾಲಂ ಬದಲಾಯಿಸುತ್ತದೆ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ‘ಕಸ್ಟಮೈಸ್’ಗೆ ಹೋಗಿ ‘ಡಾಕ್ಯುಮೆಂಟ್ಸ್’ ಅಂತ ಹೇಳಿದರೆ ನಿಲ್ಲುತ್ತದೆ. ಡೌನ್‌ಲೋಡ್ಸ್ ಫೋಲ್ಡರು ಇವತ್ತು, ನಿನ್ನೆ, ಹೋದ ವಾರ ಅಂತ ಗುಂಪು ಮಾಡಿಟ್ಟಿರುತ್ತದಲ್ಲ, ಅಲ್ಲಿ ಹೆಸರಿನ ಪ್ರಕಾರ ಜೋಡಿಸಿದರೂ ಗುಂಪಿನ ಒಳಗೆ ಮಾತ್ರ ಜೋಡಣೆ ಆಗುತ್ತದೆ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ಗ್ರೂಪ್ ಬೈ’ಗೆ ಹೋಗಿ ‘ನನ್’ ಮಾಡಿ.

ಪ್ರಿಂಟ್ ಕೊಡುವ ಮೊದಲು ಒಳಗೆ ಇಣುಕಲು ಆಲ್ಟ್ ಜೊತೆ ಪಿ ಒತ್ತಿ, ಬಲಗಡೆ ಪ್ರಿವ್ಯೂ ಬರುತ್ತದೆ. ಫೈಲ್ ತೆರೆಯದೇ ನೋಡುವುದರಿಂದ ಸೇವ್ ಮಾಡಬೇಕಾ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ನಿಮ್ಮಂಥ ಅಂಗಡಿಗೆ ಇದು ತುಂಬಾ ಒಳ್ಳೇ ಅಭ್ಯಾಸ. ಈಚಿನ ವಿಂಡೋಸ್ ಅಪ್‌ಡೇಟ್ ಬಂದ ಮೇಲೆ ಇಂಟರ್ನೆಟ್‌ನಿಂದ ಇಳಿಸಿದ ಫೈಲಿಗೆ ಪ್ರಿವ್ಯೂ ಬರುವುದಿಲ್ಲ. ನಂಬಿಕೆಯ ಜಾಗದಿಂದ ಬಂದಿದ್ದಾದರೆ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ಗೆ ಟಿಕ್ ಹಾಕಿ.

ನೀವು ಕೇಳದಿದ್ದರೂ ಒಂದು ಹೇಳಲೇಬೇಕು. ಹೆಸರಿನ ಕೊನೆಯ ಬಾಲ, ಪಿಡಿಎಫ್, ಜೆಪಿಜಿ, ಡಾಕ್ಸ್ ಇವೆಲ್ಲ, ವಿಂಡೋಸ್ ತಾನಾಗೇ ಬಚ್ಚಿಡುತ್ತದೆ. ಬಚ್ಚಿಟ್ಟರೆ “ಮಂಜಪ್ಪ ಪಹಣಿ” ಅಂತ ಮೂರು ಸಾಲು ಕಾಣುತ್ತವೆ, ಒಂದು ಪಿಡಿಎಫ್, ಒಂದು ಫೋಟೋ, ಒಂದು ವರ್ಡ್. ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ವೈರಸ್ ಪ್ರಪಂಚವೆಲ್ಲ ಹರಡಿದ್ದು ಹೀಗೇ. ಹೆಸರು ಪ್ರೇಮಪತ್ರ ಡಾಟ್ ಟಿಎಕ್ಸ್‌ಟಿ ಅಂತ ಕಾಣುತ್ತಿತ್ತು, ಅದರ ಹಿಂದೆ ಇದ್ದ ಡಾಟ್ ವಿಬಿಎಸ್ ಬಚ್ಚಿಟ್ಟು ಹೋಗಿತ್ತು. ಜನ ಬರೀ ಕಾಗದ ಅಂತ ತೆರೆದರು, ಓಡಿದ್ದು ಪ್ರೋಗ್ರಾಂ. ಈಗ ಮೊಬೈಲಿನಲ್ಲಿ ಮದುವೆ ಕರೆಯೋಲೆ ಅಂತ ಎಪಿಕೆ ಫೈಲ್, ಅಂದರೆ ಮೊಬೈಲಿಗೆ ಆ್ಯಪ್ ಹಾಕುವ ಫೈಲ್, ಕಳಿಸಿ ದುಡ್ಡು ಹೊಡೆಯುತ್ತಾರಲ್ಲ, ಉಪಾಯ ಅದೇ. ಬಾಲ ಕಾಣುತ್ತಿದ್ದರೆ ಕರೆಯೋಲೆಗೂ ಎಪಿಕೆಗೂ ಸಂಬಂಧ ಇಲ್ಲ ಅಂತ ಅನುಮಾನ ಬರಲು ಒಂದು ಅವಕಾಶವಾದರೂ ಸಿಗುತ್ತದೆ. ನಿಮ್ಮ ಹತ್ತಿರ ಊರಿನವರ ಆಧಾರ್, ಪಾಸ್‌ಬುಕ್ ಎಲ್ಲ ಇದೆ. ವಿಂಡೋಸ್ 11ರಲ್ಲಿ ‘ವ್ಯೂ’, ‘ಶೋ’, ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’. ಟಿಕ್ ಹಾಕಿಬಿಡಿ.

ಡಿಸ್ಕ್ ತುಂಬಿದ ವಿಷಯಕ್ಕೆ ಬರೋಣ. ಪಟ್ಟಿಯಲ್ಲಿ ಫೈಲಿನ ಸೈಜ್ ಎಲ್ಲವೂ ಕೆಬಿಯಲ್ಲೇ ಇರುತ್ತದೆ, ಜಿಬಿಗಟ್ಟಲೆ ಇರುವ ವಿಡಿಯೋಗೂ. ಅಂಕಿ ಉದ್ದ ನೋಡಿ ಅಂದಾಜು ಮಾಡಬೇಕು. ಫೋಲ್ಡರಿನ ಎದುರು ಆ ಕಾಲಂ ಖಾಲಿಯೇ. ಒಳಗಿರುವ ಪ್ರತಿ ಫೈಲನ್ನೂ ಮುಟ್ಟಿ ಕೂಡಿಸದೆ ಫೋಲ್ಡರಿನ ಸೈಜ್ ಸಿಗುವುದಿಲ್ಲ, ಅದಕ್ಕೆ ಹೊತ್ತು ಹಿಡಿಯುತ್ತದೆ ಅಂತ ಬಿಟ್ಟಿದ್ದಾರೆ. ನಿಮಗೆ ಬೇಕಾಗಿರುವುದು ಅದೇ ಅಂಕಿ! 1 ಟಿಬಿ ಡಿಸ್ಕ್ 931 ಜಿಬಿ ಅಂತ ಕಂಡರೆ ಅಂಗಡಿಯವರು ಮೋಸ ಮಾಡಿದ್ದಲ್ಲ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆದು ಅದಕ್ಕೂ ಜಿಬಿ ಅಂತಲೇ ಹೆಸರಿಡುತ್ತದೆ. ಎರಡು ಅಳತೆಗೆ ಒಂದೇ ಹೆಸರು, ಅಷ್ಟೇ.

ಎಲ್ಲಿ ತುಂಬಿದೆ ಅಂತ ನೋಡಲು ವಿನ್‌ಡಿರ್‌ಸ್ಟ್ಯಾಟ್ ಹಾಕಿಕೊಳ್ಳಿ, ಪುಕ್ಕಟೆ. ಡಿಸ್ಕನ್ನೆಲ್ಲ ಬಣ್ಣದ ಚೌಕಗಳಾಗಿ ತೋರಿಸುತ್ತದೆ, ಫೈಲ್ ದೊಡ್ಡದಾದಷ್ಟೂ ಚೌಕ ದೊಡ್ಡದು. ಈ ಉಪಾಯ ಹೊಳೆದ ಕಥೆ ನನಗೆ ತುಂಬಾ ಇಷ್ಟ. 1990ರ ಸುಮಾರಿಗೆ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬೆನ್ ಶ್ನೈಡರ್‌ಮನ್ ಅನ್ನೋ ಪ್ರೊಫೆಸರ್ ಇದ್ದರು. ಅವರ ಪ್ರಯೋಗಾಲಯದಲ್ಲಿ 14 ಜನ ಹಂಚಿಕೊಂಡಿದ್ದ 80 ಎಂಬಿ ಡಿಸ್ಕ್ ತುಂಬಿಹೋಗಿತ್ತು. ಯಾರ ಯಾವ ಫೈಲು ಜಾಗ ತಿಂದಿದೆ ಅಂತ ಪಟ್ಟಿ ನೋಡಿ ತಿಳಿಯುವ ಹಾಗಿರಲಿಲ್ಲ. ಪರದೆಯನ್ನೇ ಜಮೀನು ಹಿಸ್ಸೆ ಮಾಡಿದ ಹಾಗೆ ಹೋಳು ಮಾಡಿ, ಅವರವರ ಪಾಲಿನಷ್ಟು ಜಾಗ ಕೊಟ್ಟು ಬಿಡಿಸಿದರು. ನಿಮ್ಮ ಪ್ರಶ್ನೆಯೇ ಅವರದ್ದೂ ಆಗಿತ್ತು ನೋಡಿ. ಒಂದು ಎಚ್ಚರ: ಅದರಲ್ಲಿ ವಿಂಡೋಸ್ ಅನ್ನೋ ಫೋಲ್ಡರಿನ ಚೌಕ ಎಷ್ಟು ದೊಡ್ಡದಿದ್ದರೂ ಅಳಿಸಬೇಡಿ.

ಇನ್ನು ಎಕ್ಸ್‌ಪ್ಲೋರರ್ ಬಿಡಬೇಕಾ ಅಂತ. ಈಗಲೇ ಬೇಡ. ಮೇಲಿನದ್ದನ್ನು ಮಾಡಿದ ಮೇಲೂ ದಿನಾ ಪೆನ್‌ಡ್ರೈವಿಗೆ ಕಾಪಿ ಮಾಡುವ ಕೆಲಸ ಜಾಸ್ತಿ ಇದ್ದರೆ ಡಬಲ್ ಕಮಾಂಡರ್ ನೋಡಿ, ಅದೂ ಪುಕ್ಕಟೆ. 1986ರ ನಾರ್ಟನ್ ಕಮಾಂಡರ್ ಅನ್ನೋ ಹಳೇ ಸಾಫ್ಟ್‌ವೇರ್‌ನ ವಂಶದ್ದು. ಎಡಗಡೆ ಒಂದು ಫೋಲ್ಡರ್, ಬಲಗಡೆ ಒಂದು. ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಅಂತ ಎರಡೂ ಕಣ್ಣೆದುರಿಗೇ ಇರುತ್ತದೆ. ಹೆಸರು ಗೊತ್ತಿದ್ದು ಜಾಗ ಮರೆತಿದ್ದರೆ ‘ಎವೆರಿಥಿಂಗ್’ ಅನ್ನೋ ಹುಡುಕುವ ಸಾಫ್ಟ್‌ವೇರ್ ಇದೆ, ಟೈಪ್ ಮಾಡುತ್ತಿದ್ದ ಹಾಗೇ ಡಿಸ್ಕಿನಲ್ಲೆಲ್ಲ ಇರುವ ಆ ಹೆಸರಿನ ಫೈಲುಗಳನ್ನು ತೋರಿಸುತ್ತದೆ. ನೀವು “112-2” ಅಂತ ಒಂದೇ ರೀತಿ ಬರೆದಿಟ್ಟಿದ್ದರೆ ಇದು ಸೊಗಸಾಗಿ ಕೆಲಸ ಮಾಡುತ್ತದೆ, ನಾಲ್ಕು ರೀತಿ ಬರೆದಿದ್ದರೆ ನಾಲ್ಕು ಸಲ ಹುಡುಕಬೇಕು.

ಇರುವ ಫೈಲುಗಳಿಗೆಲ್ಲ ಒಂದೇ ದಿನ ಹೊಸ ಹೆಸರು ಇಡಲು ಕೂರಬೇಡಿ, ಅದು ಆಗುವ ಕೆಲಸ ಅಲ್ಲ. ಹೊಸದಕ್ಕೆ ಇವತ್ತಿಂದ ಸರಿಯಾಗಿ ಇಡಿ. ಹಳೇದನ್ನು ಯಾರಾದರೂ ಕೇಳಿ ತೆಗೆದಾಗ, ಆ ಊರಿನ ಫೋಲ್ಡರಿಗೆ ಹಾಕಿ ಹೆಸರು ತಿದ್ದಿ. ಫೈಲಿನ ಮೇಲೆ ನಿಂತು ಎಫ್2 ಒತ್ತಿ ಹೆಸರು ಬರೆದು, ಎಂಟರ್ ಬದಲು ಟ್ಯಾಬ್ ಒತ್ತಿದರೆ ಕೆಳಗಿನ ಫೈಲಿನ ಹೆಸರು ತಾನೇ ತೆರೆದುಕೊಳ್ಳುತ್ತದೆ. ಮಳೆ ಜೋರಾಗಿ ಜನ ಬಾರದ ಮಧ್ಯಾಹ್ನ ಒಂದು ಊರಿನದ್ದು ಹೀಗೆ ಮುಗಿಸಬಹುದು.